ತೊಟ್ಟಿಲು ವ್ಯಾಗನ್

ಕುರೆಕುಪ್ಪ
12 ಜನವರಿ 2025

ಮಗಳು ಹೇಮಾವತಿಗೆ ಅಪ್ಪನ ಜೈಭೀಮ್.

ಭಾನುವಾರ ಭಾನುವಾರ ಅವ್ವ ನಿನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ನೀನು ಹೇಳಿದ್ದನ್ನು ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳುತ್ತಾಳೆ. ಓಣಿಗೆಲ್ಲ ಕೇಳುತ್ತದೆ, ನನಗೆ ಅರ್ಧ. ಇಪ್ಪತ್ತೆರಡು ವರ್ಷ ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಕಡೆ ನಿಂತ ಕಿವಿ ಇದು. ಅದಕ್ಕೇ ಕಾಗದ ಬರೆಯಲು ಕುಳಿತಿದ್ದೇನೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ತಿದ್ದಿಸಿದ ಅಕ್ಷರ ಇನ್ನೂ ಕೈಯಲ್ಲಿದೆ.

ನಿಮ್ಮ ಕಾರ್ಖಾನೆಯ ವ್ಯಾಗನ್‌ಗಳು ಬಂದವು. ಗುರುವಾರ ಬೆಳಿಗ್ಗೆ ಯಾರ್ಡಿಗೆ ಹೋದಾಗ ಸೈಡಿಂಗಿನ ಹಳಿಯ ಉದ್ದಕ್ಕೂ ನಲವತ್ತು ನಿಂತಿದ್ದವು. ಸಂಡೂರಿನ ಕೆಂಪು ಧೂಳು ಇನ್ನೂ ಕೂತಿರಲಿಲ್ಲ, ನೀಲಿ ಬಣ್ಣ ಕಣ್ಣು ಕುಕ್ಕುತ್ತಿತ್ತು. ಮೂಕಣ್ಣ ಕೋಲೂರಿಕೊಂಡು ಹೋಗಿ ಪ್ಲೇಟಿನ ಮೇಲಿನ ಹೆಸರು ಓದಿ, ರಾಯಪುರ ಅಂತ ಐತಿ, ನಿನ್ನ ಮಗಳ ಊರು ಎಂದು ಕೈಸನ್ನೆ ಮಾಡಿದ. ಗ್ಯಾಂಗಿನವರೆಲ್ಲ ನನ್ನ ಬೆನ್ನು ತಟ್ಟಿದರು. ನೀನು ಪರೀಕ್ಷೆ ಮಾಡಿ ಕಳಿಸಿದ ವ್ಯಾಗನ್ ನಮ್ಮ ಯಾರ್ಡಿಗೇ ಬರುತ್ತದೆ ಎಂದು ಯಾರು ಎಣಿಸಿದ್ದರು?

ಹಳೆಯ ವ್ಯಾಗನ್ ಅಂದರೆ ಬರೀ ಹಲಗೆ. ಇಪ್ಪತ್ತೈದು ಟನ್ನಿನ ಉಕ್ಕಿನ ಸುರುಳಿಯನ್ನು ಕ್ರೇನ್ ತಂದು ಇಳಿಸಿದರೆ, ಅದು ಉರುಳದಂತೆ ನಾವು ಎರಡೂ ಕಡೆ ಕಟ್ಟಿಗೆಯ ಬೆಣೆ ಬಡಿದು ಸರಪಳಿ ಬಿಗಿಯಬೇಕು. ಸುರುಳಿ ಮತ್ತು ಸುರುಳಿಯ ನಡುವೆ ಒಬ್ಬ ಮನುಷ್ಯ ನಿಲ್ಲಲೇಬೇಕು. ಆರು ವರ್ಷದ ಹಿಂದೆ ಮೂಕಣ್ಣ ನಿಂತಿದ್ದ, ಬೆಣೆ ಜಾರಿತು, ಕಾಲು ಹೋಯಿತು. ಈ ಹೊಸದರಲ್ಲಿ ಒಂದೊಂದು ವ್ಯಾಗನ್‌ಗೂ ಮೂರು ತಗ್ಗು ಇವೆ. ಸುರುಳಿ ಬಂದು ತಗ್ಗಿನಲ್ಲಿ ಕೂತರೆ ಮುಗಿಯಿತು. ನಮ್ಮ ದುರ್ಗಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿ ಹೇಳಿದಳಂತೆ: "ತೊಟ್ಲ ಇದ್ದಂಗ ಐತಿ. ಇನ್ನ ನಾವ್ ಜೋಗುಳ ಹಾಡಾಕ ಬರ್ಬೇಕಷ್ಟ." ಅಂದಿನಿಂದ ಅವಕ್ಕೆ ತೊಟ್ಟಿಲು ವ್ಯಾಗನ್ ಎಂದೇ ಹೆಸರು ಬಿದ್ದಿದೆ.

ಯಾರ್ಡಿನ ಸೂಪರ್‌ವೈಸರ್ ಪ್ರವೀಣ ಸಾಹೇಬರು, ಇನ್ನು ಮೇಲೆ ಕಂಪ್ಲಿಯಿಂದ ಬೆಣೆಯ ಕಟ್ಟಿಗೆ ತರಿಸುವುದು ಬೇಡ ಅಂದಿದ್ದಾರೆ. ನಿನಗೆ ಗೊತ್ತಿರಬಹುದು ಎಂದು ಕೇಳುತ್ತೇನೆ. ಬೆಣೆ ಪೂರಾ ಬೇಡವೋ, ಸಣ್ಣ ಸುರುಳಿಗಾದರೂ ಬೇಕೋ? ಮುಖ್ಯಸ್ಥನಾದ ನನ್ನನ್ನೂ ಸೇರಿ ಗ್ಯಾಂಗಿನಲ್ಲಿ ಒಂಬತ್ತು ಜನ ಇದ್ದೇವೆ.

ಅವ್ವ ಅರಾಮಿದ್ದಾಳೆ. ಅಲ್ಲಿ ಚಳಿ ಎಂದು ಕೇಳಿದೆ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಪ್ಪ
ಗಾದಿಲಿಂಗಪ್ಪ


ರಾಯಪುರ
27 ಜನವರಿ 2025

ಅಪ್ಪಾ,

ನಿನ್ನ ಕಾಗದ ಶನಿವಾರ ಸಿಕ್ಕಿತು. ಹಾಸ್ಟೆಲಿನಲ್ಲಿ ಎಲ್ಲರಿಗೂ ತೋರಿಸಿದೆ, ಓದಲು ಬರದಿದ್ದರೂ ಅಕ್ಷರ ನೋಡಿ ಹೊಗಳಿದರು. ನಾನೂ ಕೈಯಲ್ಲೇ ಬರೆಯುತ್ತಿದ್ದೇನೆ, ಡಿಪ್ಲೊಮಾ ಮುಗಿಸಿದ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ನಗಬೇಡ.

ಆ ತಗ್ಗಿಗೆ ನಮ್ಮಲ್ಲಿ ಸ್ಯಾಡಲ್ ಅನ್ನುತ್ತಾರೆ. ದುರ್ಗಕ್ಕ ಇಟ್ಟ ಹೆಸರೇ ಚೆನ್ನಾಗಿದೆ. ಓರೆ ತಗಡು ಎರಡು, ಕೆಳಗೆ ಅಡ್ಡ ತೊಲೆ, ಅವುಗಳ ನಡುವೆ ಬೆಸುಗೆ. ಸುರುಳಿಯ ಭಾರವೆಲ್ಲ ಬಂದು ಕೂರುವುದು ಆ ಬೆಸುಗೆಯ ಮೇಲೆ. ಅದನ್ನು ನೋಡುವುದೇ ನನ್ನ ಕೆಲಸ. ಕನ್ನಡಿ, ಟಾರ್ಚು ಹಿಡಿದು ವ್ಯಾಗನ್ನಿನ ಕೆಳಗೆ ನುಸುಳಿ ಒಂದೊಂದು ಜೋಡಣೆಯನ್ನೂ ನೋಡಿ, ಅಳೆದು, ಪಟ್ಟಿಯಲ್ಲಿ ಸಹಿ ಹಾಕುತ್ತೇನೆ. ನಲವತ್ತಕ್ಕೆ ನಲವತ್ತೂ ನನ್ನ ಸಹಿ ಆದ ಮೇಲೇ ಗೇಟು ದಾಟಿದವು. ಹೊತ್ತಿಗೆ ಸರಿಯಾಗಿ ಕಳಿಸಿದ್ದಕ್ಕೆ ನನ್ನನ್ನು ಹಿರಿಯ ಇನ್‌ಸ್ಪೆಕ್ಟರ್ ಮಾಡಿದ್ದಾರೆ. ಅವ್ವನಿಗೆ ಫೋನಿನಲ್ಲಿ ಹೇಳಲಿಲ್ಲ, ನೀನೇ ಹೇಳಲಿ ಎಂದು.

ಈ ವ್ಯಾಗನ್ನಿನ ನಕ್ಷೆ ಮೊದಲ ಸಲ ಮೇಜಿನ ಮೇಲೆ ಬಿಚ್ಚಿದಾಗ ನನಗೆ ಮೂಕಣ್ಣ ಕಾಕಾ ನೆನಪಾದರು. ಎರಡು ಸುರುಳಿಯ ನಡುವೆ ಇನ್ನು ಯಾರೂ ನಿಲ್ಲುವುದು ಬೇಡ. ಅವರಿಗೆ ಇದನ್ನು ಹೇಳು.

ವ್ಯಾಗನ್ ಹೇಗೆ ಓಡುತ್ತವೆ ನೋಡಿ ಬರೆಯುತ್ತಿರು. ಇಲ್ಲಿ ಚಳಿ ಕಡಿಮೆಯಾಗುತ್ತಿದೆ. ಮಂಡಕ್ಕಿ ಮಿರ್ಚಿ ಮಾತ್ರ ಸಿಗುವುದಿಲ್ಲ.

ಹೇಮಾ


ಕುರೆಕುಪ್ಪ
16 ಫೆಬ್ರವರಿ 2025

ಮಗಳು ಹೇಮಾವತಿಗೆ,

ನಿನಗೆ ಬಡ್ತಿ ಸಿಕ್ಕಿದ್ದನ್ನು ಅವ್ವನಿಗೆ ಹೇಳಿದೆ. ಬುದ್ಧನ ಫೋಟೋದ ಮುಂದೆ ದೀಪ ಹಚ್ಚಿ ಬಂದು, ಸಕ್ಕರೆ ಹೆಚ್ಚು ಹಾಕಿ ಚಹಾ ಮಾಡಿದಳು.

ಮೂಕಣ್ಣನಿಗೂ ನೀನು ಬರೆದದ್ದನ್ನು ಓದಿ ಹೇಳಿದೆ. ಅವನು ನನ್ನ ಕಿವಿಗೆ ಬಾಯಿ ಹಚ್ಚಿ, "ಆರು ವರ್ಷ ಮೊದ್ಲ ಬರ್ಬೇಕಿತ್ತು ಬಿಡಪ" ಅಂದ.

ನಲವತ್ತೂ ವ್ಯಾಗನ್ ಜೋಡಿಸಿದ ಮೊದಲ ರೇಕು ಫೆಬ್ರವರಿ ಮೂರಕ್ಕೆ ಗೋವಾ ಬಂದರಿಗೆ ಹೋಯಿತು. ನಾವು ಎರಡು ದಿನ ಮಾಡುತ್ತಿದ್ದ ಕೆಲಸ ಐದು ತಾಸಿನಲ್ಲಿ ಮುಗಿಯಿತು. ಒಂದೂ ಬೆಣೆ ಬಡಿಯಲಿಲ್ಲ. ಸುರುಳಿ ತಗ್ಗಿನಲ್ಲಿ ಕೂರುವಾಗ ನಾನು ವ್ಯಾಗನ್ನಿನ ಮೈಮೇಲೆ ಅಂಗೈ ಇಟ್ಟುಕೊಂಡಿದ್ದೆ. ಒಂದೇ ಸಲ ಧಡ್ ಎಂದು ಕೂತು ಸುಮ್ಮನಾಗುತ್ತದೆ. ಒಳ್ಳೆಯ ಕೆಲಸ ಮಾಡಿದ್ದೀರಿ.

ಬೆಣೆಯ ವಿಷಯ ಕೇಳಿದ್ದೆ, ನೀನು ಉತ್ತರ ಬರೆಯಲಿಲ್ಲ. ಇರಲಿ, ಉತ್ತರ ಇಲ್ಲೇ ಸಿಕ್ಕಿತು. ಮೂಕಣ್ಣನಿಗೆ ಶೆಡ್ಡಿನಲ್ಲಿ ಕೂತು ಬೆಣೆ ಕೊಯ್ಯುವ ಕೆಲಸ ಕೊಟ್ಟಿದ್ದರಲ್ಲ, ಅದು ನಿಂತಿತು. ಇನ್ನೂ ಕೆಲವರಿಗೆ ವಿಶ್ರಾಂತಿ ಕೊಡುತ್ತಾರಂತೆ. ದುರ್ಗಕ್ಕನನ್ನು ವ್ಯಾಗನ್ ಗುಡಿಸುವುದಕ್ಕೆ, ಮೇಲಿನ ಹೊದಿಕೆ ಎಳೆಯುವುದಕ್ಕೆ ಇಟ್ಟುಕೊಳ್ಳುತ್ತಾರೆ. ನನ್ನದು ಎಂದಿನಂತೆ ನಡೆದಿದೆ. ನೀನು ಅದರ ಬಗ್ಗೆ ಯೋಚನೆ ಮಾಡಬೇಡ.

ಗಾದಿಲಿಂಗಪ್ಪ


ಕುರೆಕುಪ್ಪ
23 ಮಾರ್ಚ್ 2025

ಮಗಳು ಹೇಮಾವತಿಗೆ,

ಐದು ವಾರದಿಂದ ನಿನ್ನ ಕಾಗದ ಇಲ್ಲ. ಕೆಲಸ ಹೆಚ್ಚಿರಬಹುದು. ಆದರೂ ಇದನ್ನು ಪೂರ್ತಿ ಓದು.

ಶುಕ್ರವಾರ ನಾನು ಯಾರ್ಡಿನಲ್ಲಿದ್ದಾಗ ಹದಿನೇಳನೇ ನಂಬರಿನ ವ್ಯಾಗನ್ನಿಗೆ ಸುರುಳಿ ಇಳಿಸುತ್ತಿದ್ದರು. ಅಭ್ಯಾಸದಂತೆ ಅಂಗೈ ಇಟ್ಟೆ. ಧಡ್ ಎಂದು ಕೂತ ಮೇಲೆ ಇನ್ನೊಂದು ಸಣ್ಣ ಅದುರು ಬಂತು. ಮೂರು ಸುರುಳಿಯಲ್ಲಿ ನಡುವಿನದಕ್ಕೆ ಮಾತ್ರ. ಪಕ್ಕದ ಹದಿನಾರನೆಯದಕ್ಕೆ ಇಟ್ಟು ನೋಡಿದೆ, ಆ ಅದುರು ಇಲ್ಲ. ಹದಿನೆಂಟರಲ್ಲಿ ಇತ್ತು.

ನಾನು ಮತ್ತು ದುರ್ಗಕ್ಕ ಕೆಳಗೆ ಹೊಕ್ಕು ನೋಡಿದೆವು. ಓರೆ ತಗಡು ತೊಲೆಗೆ ಸೇರುವಲ್ಲಿ, ಬೆಸುಗೆಯ ಅಂಚಿಗೇ, ಕೂದಲಿನಂಥ ಗೆರೆ. ಹಳೆಯ ಕಾಲದಲ್ಲಿ ಕ್ರೇನಿನ ಕೊಕ್ಕೆ ನೋಡುತ್ತಿದ್ದ ಹಾಗೆ ನೋಡಿದೆ. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದೆ. ಎರಡು ನಿಮಿಷಕ್ಕೆ ಬಿಳಿಯ ಮೇಲೆ ಕಪ್ಪು ಗೆರೆ ಎದ್ದಿತು. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಬಣ್ಣ ಕೆರೆದು ಮತ್ತೆ ಮಾಡಿದೆ. ಗೆರೆ ಅಲ್ಲೂ ಎದ್ದಿತು. ದಾರ ಇಟ್ಟು ಅಳೆದೆ, ನನ್ನ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಇಪ್ಪತ್ತೊಂದನೆಯದರಲ್ಲೂ ಇದೆ, ಸ್ವಲ್ಪ ಚಿಕ್ಕದು.

ಫೋಟೋ ತೆಗೆದು ಕಳಿಸೋಣ ಎಂದರೆ ಗೇಟಿನಲ್ಲೇ ಫೋನ್ ಇಸಿದುಕೊಳ್ಳುತ್ತಾರೆ. ಜೇಬಿನಲ್ಲಿದ್ದ ಒಂದು ಕಾಗದವನ್ನು ಬೆಸುಗೆಯ ಮೇಲೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿ ಗೆರೆ ಮೂಡಿಸಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ.

ಗೋವಾ ದಾರಿಯಲ್ಲಿ ಘಾಟಿ ಇಳಿಯಬೇಕು. ಈ ರೇಕು ಆಗಲೇ ಎಂಟು ಸಲ ಇಳಿದಿದೆ. ಏನು ಮಾಡಬೇಕು, ಯಾರಿಗೆ ಹೇಳಬೇಕು, ಜಲ್ದಿ ಬರೆ.

ಗಾದಿಲಿಂಗಪ್ಪ


ರಾಯಪುರ
6 ಏಪ್ರಿಲ್ 2025

ಅಪ್ಪಾ,

ಕಾಗದ ಸಿಕ್ಕಿತು. ನೀನು ಪೆನ್ಸಿಲ್ ಉಜ್ಜಿದ ಕಾಗದದ ಹಿಂಬದಿ ನೀನು ನೋಡಲಿಲ್ಲವೇನೋ, ನಾನು ನೋಡಿದೆ. ಹೆಲ್ಮೆಟ್ ಒಂದು, ಬೂಟು ಒಂದು ಜೊತೆ, ಗೇಟ್ ಪಾಸು ಒಂದು, ವಾಪಸು ಪಡೆಯಲಾಗಿದೆ. ಕೆಳಗೆ ನಿನ್ನ ಹೆಸರು, ಮಾರ್ಚ್ 21. ನಿನ್ನ ಕೆಲಸ ಹೋಗಿದೆ. ನನ್ನದು ಎಂದಿನಂತೆ ನಡೆದಿದೆ ಎಂದು ನೀನು ಬರೆದಿದ್ದೆ. ಅವ್ವನೂ ಫೋನಿನಲ್ಲಿ ಒಂದು ಮಾತು ಹೇಳಲಿಲ್ಲ.

ನನಗೆ ಎಷ್ಟು ಬೇಜಾರಾಯಿತೆಂದು ಬರೆಯಲು ಬರುವುದಿಲ್ಲ. ಆದರೆ ಅಪ್ಪಾ, ಸಿಟ್ಟನ್ನು ವ್ಯಾಗನ್ ಮೇಲೆ ತೀರಿಸಬೇಡ. ಇಪ್ಪತ್ತೆರಡು ವರ್ಷ ಬಡಿದ ಬೆಣೆ ಬೇಡವಾದಾಗ ಹೊಸದರಲ್ಲಿ ಎಲ್ಲವೂ ತಪ್ಪಾಗಿ ಕಾಣುವುದು ಸಹಜ. ಬೆಸುಗೆಯ ಅಂಚಿನಲ್ಲಿ ಬಣ್ಣ ದಪ್ಪ ಕೂತಿರುತ್ತದೆ, ಬಿಸಿಲಿಗೆ ಸೀಳುತ್ತದೆ. ಅಂಥ ಗೆರೆ ನಾನು ಬೇಕಾದಷ್ಟು ನೋಡಿದ್ದೇನೆ. ಅಂಗೈಗೆ ಬಂದ ಅದುರನ್ನು ಯಾವ ಆಫೀಸೂ ಪುರಾವೆ ಅನ್ನುವುದಿಲ್ಲ.

ದಯವಿಟ್ಟು ಇದನ್ನು ಯಾರಿಗೂ ತೋರಿಸಬೇಡ. ಕೆಲಸ ಕಳೆದುಕೊಂಡವನು ಚಾಡಿ ಹೇಳುತ್ತಿದ್ದಾನೆ ಅನ್ನುತ್ತಾರೆ. ನಿನ್ನನ್ನು ಯಾರಾದರೂ ಹಾಗೆ ಅಂದರೆ ನನಗೆ ತಡೆಯಲಾಗುವುದಿಲ್ಲ.

ಮನೆಗೆ ಬೇಕಾದ್ದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಸ್ವಲ್ಪ ದಿನ ಸುಮ್ಮನೆ ಕೂರು.

ಹೇಮಾ


ಕುರೆಕುಪ್ಪ
20 ಏಪ್ರಿಲ್ 2025

ಹೇಮಾವತಿಗೆ,

ಹಿಂಬದಿ ನೋಡಿರಲಿಲ್ಲ, ನನ್ನದೇ ತಪ್ಪು. ಅವತ್ತು ಹೆಲ್ಮೆಟ್, ಬೂಟು ಕೊಡಲಿಕ್ಕೆಂದೇ ಯಾರ್ಡಿಗೆ ಹೋಗಿದ್ದೆ. ಕೆಲಸ ಮಾರ್ಚ್ ಒಂದಕ್ಕೇ ನಿಂತಿತ್ತು, ಫೆಬ್ರವರಿಯ ಕಾಗದ ಬರೆಯುವಾಗಲೇ ನನಗೆ ಅದನ್ನು ಹೇಳಿಯಾಗಿತ್ತು. ನಿನಗೆ ಹೇಳಬೇಡ ಎಂದು ಅವ್ವನಿಗೆ ನಾನೇ ತಾಕೀತು ಮಾಡಿದ್ದೆ. ನೀನು ಮಾಡಿದ ವ್ಯಾಗನ್ನಿನಿಂದ ಹೋಯಿತು ಎಂದು ನಿನ್ನ ಮನಸ್ಸಿಗೆ ಬರಬಾರದಿತ್ತು.

ನಾನು ಬಿರುಕಿನ ಬಗ್ಗೆ ಕೇಳಿದೆ. ನೀನು ನನ್ನ ಕೆಲಸದ ಬಗ್ಗೆ ಬರೆದೆ. ಬಣ್ಣ ಕೆರೆದ ಮೇಲೂ ಗೆರೆ ಎದ್ದಿತು ಎಂದು ಬರೆದಿದ್ದೆ. ಆ ಸಾಲನ್ನು ನೀನು ಓದಿದೆಯೋ ಇಲ್ಲವೋ ತಿಳಿಯಲಿಲ್ಲ.

ದುರ್ಗಕ್ಕ ಪ್ರವೀಣ ಸಾಹೇಬರನ್ನು ಕರೆದುಕೊಂಡು ಹೋಗಿ ತೋರಿಸಿದ್ದಾಳೆ. ಅವರು ಕೆಟ್ಟವರಲ್ಲ. ಬಗ್ಗಿ ನೋಡಿ, ಆಮೇಲೆ ಫೈಲು ತೆಗೆದು, "ಕಾರ್ಖಾನಿ ಸರ್ಟಿಫಿಕೇಟ್ ಐತಿ ಅಕ್ಕ. ಓದಿದವರು ನೋಡಿ ಸಹಿ ಮಾಡ್ಯಾರ. ಅದರ ಮ್ಯಾಲೆ ನಾ ಏನ್ ಹೇಳ್ಲಿ?" ಅಂದರಂತೆ. ಆ ಸಹಿ ಯಾರದು ಎಂದು ದುರ್ಗಕ್ಕನಿಗೆ ಗೊತ್ತು. ಅವಳು ಹೇಳಲಿಲ್ಲ. ನಾನೂ ಯಾರಿಗೂ ಹೇಳಿಲ್ಲ.

ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿಗೆ ಓಣಿಯವರೆಲ್ಲ ಸೇರಿದ್ದೆವು. ನಿನ್ನ ಬಗ್ಗೆ ಮಾತಾಡಿದರು. ನಮ್ಮ ಓಣಿಯಲ್ಲಿ ಅಷ್ಟು ಓದಿ ಅಷ್ಟು ದೂರ ಹೋದ ಹೆಣ್ಣುಮಗಳು ನೀನೇ ಎಂದರಂತೆ. ನಾನು ಕೇಳಿಸಿದವನ ಹಾಗೆ ತಲೆ ಆಡಿಸಿದೆ.

ಒಂದೇ ಮಾತಿಗೆ ಉತ್ತರ ಬರೆ. ಆ ಗೆರೆ ಬಣ್ಣದ್ದೋ, ಕಬ್ಬಿಣದ್ದೋ?

ಗಾದಿಲಿಂಗಪ್ಪ


ಕುರೆಕುಪ್ಪ
25 ಮೇ 2025

ಹೇಮಾವತಿಗೆ,

ನಿನ್ನ ಉತ್ತರ ಬರಲಿಲ್ಲ. ಭಾನುವಾರದ ಫೋನಿನಲ್ಲೂ ನೀನು ಜಾಸ್ತಿ ಮಾತಾಡುವುದಿಲ್ಲ ಎಂದು ಅವ್ವ ಹೇಳುತ್ತಾಳೆ. ಹಾಗಾಗಿ ಇಲ್ಲಿ ನಡೆದದ್ದನ್ನು ನಾನೇ ಬರೆದುಬಿಡುತ್ತೇನೆ. ಬೇರೆಯವರಿಂದ ನಿನಗೆ ತಿಳಿಯುವುದು ಬೇಡ.

ಮೇ ಹದಿಮೂರಕ್ಕೆ ರೈಲ್ವೆ ಆಫೀಸಿಗೆ ಒಂದು ಅರ್ಜಿ ಹೋಗಿದೆ. ಬರೆದವನು ನಾನು. ನಾನು ಯಾರ್ಡಿನವನಲ್ಲವಾದ್ದರಿಂದ ಹೆಬ್ಬೆಟ್ಟು ದುರ್ಗಕ್ಕನದು. ಹದಿನೇಳು, ಹದಿನೆಂಟು, ಇಪ್ಪತ್ತೊಂದು, ಜೊತೆಗೆ ಆಮೇಲೆ ಅವಳು ಕಂಡ ಹದಿನಾಲ್ಕು ಮತ್ತು ಇಪ್ಪತ್ತೆರಡು, ಇವುಗಳ ಬಿರುಕಿನ ಅಳತೆ ಬರೆದಿದ್ದೇನೆ. ಮೊದಲು ಕಂಡವನು ಗಾದಿಲಿಂಗಪ್ಪ ಎಂದೂ ಬರೆದಿದ್ದೇನೆ, ಕೇಳಿದರೆ ಉತ್ತರ ಕೊಡಲು ಒಬ್ಬ ಬೇಕಲ್ಲ. ತನಿಖೆ ಆದರೆ ಮೊದಲು ಯಾರ ಸಹಿ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಬರೆದು ಮುಗಿಸಿ ಎರಡು ದಿನ ಕಪಾಟಿನಲ್ಲಿಟ್ಟಿದ್ದೆ. ಮೂರನೇ ದಿನ ರೇಕು ಮತ್ತೆ ತುಂಬುತ್ತಿದ್ದಾರೆ ಎಂದು ದುರ್ಗಕ್ಕ ಬಂದು ಹೇಳಿದಳು. ಆಗ ಹೊಸಪೇಟೆಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಪೂರಾ ನಿನ್ನದೇ ಯೋಚನೆ. ಎಳೆಯವಳಿದ್ದಾಗ ನಿನಗೆ ಒಂದು ಏಟು ಕೊಟ್ಟವನಲ್ಲ ನಾನು.

ಹದಿನಾರಕ್ಕೇ ಆಜ್ಞೆ ಬಂದು ನಲವತ್ತೂ ವ್ಯಾಗನ್ ನಿಂತವು. ಅರ್ಜಿಗೆ ಇಷ್ಟು ಬೇಗ ಕೆಲಸ ಮಾಡುವ ಶಕ್ತಿ ಇದೆ ಎಂದು ನಾನು ತಿಳಿದಿರಲಿಲ್ಲ.

ವ್ಯಾಗನ್ ನಿಂತ ಮೇಲೆ ಹಳೆಯ ಹಲಗೆ ವ್ಯಾಗನ್ ಮತ್ತೆ ತರಿಸಿದರು. ಹಾಗಾಗಿ ಬೆಣೆ ಬೇಕಾಯಿತು, ಬಡಿಯುವವರೂ ಬೇಕಾದರು. ಪ್ರವೀಣ ಸಾಹೇಬರು ಮನೆಗೇ ಬಂದು ಗ್ಯಾಂಗಿನ ಎಲ್ಲರನ್ನೂ ಕರೆದರು. ಉಳಿದವರು ಹೋದರು. ನಾನು ಹೋಗಲಿಲ್ಲ. ಚಹಾದ ಅಂಗಡಿಯಲ್ಲಿ, ಕೆಲಸ ವಾಪಸು ಬರಲಿ ಎಂದು ಗಾದಿಲಿಂಗ ಒಳ್ಳೆಯ ವ್ಯಾಗನ್ನಿಗೆ ಕಲ್ಲು ಹಾಕಿದ ಎಂದು ಮಾತಾಡುತ್ತಿದ್ದಾರೆ ಅಂತ ಅವ್ವ ಕೇಳಿ ಬಂದಿದ್ದಳು. ನಾನು ಮತ್ತೆ ಸರಪಳಿ ಹಿಡಿದರೆ ಆ ಮಾತು ನಿಜವಾಗುತ್ತದೆ. ಮಲಪನಗುಡಿಯಲ್ಲಿ ಬಾಳೆ ತೋಟದ ಕೆಲಸಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಸದ್ದಿಲ್ಲ, ಅಂದರೆ ನನಗೆ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ.

ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಕಾಗದ ಮಾತ್ರ ಬರೆ.

ಅಪ್ಪ


ರಾಯಪುರ
8 ಜೂನ್ 2025

ಅಪ್ಪಾ,

ಕಬ್ಬಿಣದ್ದು.

ನಿನ್ನ ಏಪ್ರಿಲಿನ ಕಾಗದ ಬಂದ ದಿನವೇ ಇದನ್ನು ಬರೆಯಬೇಕಿತ್ತು. ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಈಗ ಮೊದಲಿನಿಂದ ಹೇಳುತ್ತೇನೆ.

ಕಳೆದ ಸೆಪ್ಟೆಂಬರಿನಲ್ಲಿ ಇಲ್ಲಿ ಬಿಡದೆ ಮಳೆ. ಬೆಸುಗೆಯ ರಾಡುಗಳನ್ನು ಒಲೆಯಲ್ಲಿಟ್ಟು ಒಣಗಿಸಿಯೇ ಬಳಸಬೇಕು. ತೇವ ಉಳಿದರೆ ಬೆಸುಗೆ ನೋಡಲು ಚೆನ್ನಾಗಿಯೇ ಬರುತ್ತದೆ, ಒಳಗೆ ಮಾತ್ರ ಬಿರುಕಿನ ಬೀಜ ಉಳಿಯುತ್ತದೆ. ಆ ಒಲೆ ಒಂದು ವಾರ ಕೆಟ್ಟಿತ್ತು. ನನಗೆ ಗೊತ್ತಿತ್ತು. ಮ್ಯಾನೇಜರ್ ಹತ್ತಿರ ಹೋಗಿ, ಈ ವಾರದ ಬೆಸುಗೆಗಳನ್ನು ಯಂತ್ರದಲ್ಲಿ ಒಳಗಿನಿಂದ ಪರೀಕ್ಷಿಸಬೇಕು ಎಂದೆ. ಕಳಿಸುವ ತಾರೀಕು ಮೀರುತ್ತದೆ, ಕಣ್ಣಿಗೆ ಸರಿ ಇದೆಯಲ್ಲ ಎಂದರು. ಎರಡನೇ ಸಲ ಕೇಳಲಿಲ್ಲ. ಆ ವಾರ ಬೆಸೆದದ್ದು ಹನ್ನೆರಡು ವ್ಯಾಗನ್, ಹದಿನಾಲ್ಕರಿಂದ ಇಪ್ಪತ್ತೈದರವರೆಗೆ. ಹನ್ನೆರಡಕ್ಕೂ ಸಹಿ ಮಾಡಿದೆ. ಬಡ್ತಿ ಸಿಕ್ಕಿತು.

ನಿನ್ನ ಮಾರ್ಚಿನ ಕಾಗದದಲ್ಲಿ ಹದಿನೇಳು, ಹದಿನೆಂಟು, ಇಪ್ಪತ್ತೊಂದು ಎಂದು ಓದಿದ ಕೂಡಲೇ ನನಗೆ ತಿಳಿಯಿತು. ಬಣ್ಣ ಕೆರೆದ ಸಾಲನ್ನೂ ಓದಿದ್ದೆ. ಆ ಹೊತ್ತಿಗೆ ಕಾಗದದ ಹಿಂಬದಿ ಕಣ್ಣಿಗೆ ಬಿತ್ತು. ನಿನ್ನ ಸಿಟ್ಟು ಎಂದು ಬರೆದೆನಲ್ಲ, ಅದನ್ನು ನಂಬಿದರೆ ನನಗೆ ಅನುಕೂಲವಿತ್ತು. ಇನ್ನೂ ಒಂದು ಹೇಳಬೇಕು. ಬೆಣೆ ಬೇಡವಾಗುತ್ತದೆ ಎಂದು ನಕ್ಷೆ ಬಿಚ್ಚಿದ ದಿನವೇ ಗೊತ್ತಿತ್ತು. ಜನವರಿಯಲ್ಲಿ ನೀನು ನೇರವಾಗಿ ಕೇಳಿದಾಗಲೂ ಬರೆಯಲಿಲ್ಲ.

ನಿನ್ನ ಏಪ್ರಿಲಿನ ಕಾಗದ ಬಂದ ಮೇಲೆ ನೀನು ಉಜ್ಜಿ ಕಳಿಸಿದ್ದನ್ನು ನಕ್ಷೆಯ ಮೇಲಿಟ್ಟು ನೋಡಿದೆ. ಗೆರೆ ಬೆಸುಗೆಯ ಬುಡ ಹಿಡಿದೇ ಹೋಗಿತ್ತು, ಕೂದಲೆಳೆ ಆಚೀಚೆ ಇಲ್ಲ. ಬಣ್ಣ ಹಾಗೆ ಸೀಳುವುದಿಲ್ಲ. ಮೇ ಹನ್ನೆರಡು, ಬುದ್ಧ ಪೂರ್ಣಿಮೆ, ಕಾರ್ಖಾನೆಗೆ ರಜೆ ಇತ್ತು. ಕೂತು ರೈಲ್ವೆಯವರಿಗೂ ನಮ್ಮ ಮಾಲೀಕರಿಗೂ ಬರೆದು ಇಮೇಲ್ ಮಾಡಿದೆ. ಒಲೆ ಕೆಟ್ಟ ತಾರೀಕು, ವ್ಯಾಗನ್ ನಂಬರು, ನನ್ನ ಸಹಿ, ಎಲ್ಲ. ನಿಮ್ಮ ಅರ್ಜಿ ತಲುಪಿದ್ದು ಇಪ್ಪತ್ತೊಂದಕ್ಕಂತೆ. ನಾನು ಮೊದಲು ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಏಪ್ರಿಲಿನಲ್ಲಿ ನೀನು ಆ ಪ್ರಶ್ನೆ ಬರೆಯದಿದ್ದರೆ ನಾನು ಬರೆಯುತ್ತಿರಲಿಲ್ಲ, ಅದು ನನಗೆ ಗೊತ್ತು.

ಅರ್ಜಿ ಕಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಎರಡು ದಿನ ಕಪಾಟಿನಲ್ಲಿಟ್ಟಿದ್ದೆ ಎಂದು ಓದಿದಾಗ ಮಾತ್ರ ಅಳು ಬಂತು.

ನನ್ನನ್ನು ಸದ್ಯ ಬೇರೆ ವಿಭಾಗಕ್ಕೆ ಹಾಕಿದ್ದಾರೆ, ಕೆಲಸ ಹಗುರ. ದುರಸ್ತಿಗೆ ನಮ್ಮ ವೆಲ್ಡರುಗಳು ನಿಮ್ಮ ಯಾರ್ಡಿಗೇ ಬರುತ್ತಾರೆ. ಅವರಿಗೆ ಹೋಳಿಗೆ ಮಾಡಿ ಹಾಕು ಎಂದು ಅವ್ವನಿಗೆ ಹೇಳು.

ಹೇಮಾ


ಕುರೆಕುಪ್ಪ
29 ಜೂನ್ 2025

ಮಗಳು ಹೇಮಾವತಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಾಲು ಓದಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ನಿಮ್ಮ ವೆಲ್ಡರುಗಳು ಐದು ಜನ ಬಂದಿದ್ದಾರೆ. ಹನ್ನೆರಡೂ ವ್ಯಾಗನ್ನಿನ ಹಳೆಯ ಬೆಸುಗೆ ಕೊರೆದು ತೆಗೆದು ಹೊಸದಾಗಿ ಬೆಸೆಯುತ್ತಿದ್ದಾರೆ. ರಾಡು ಒಣಗಿಸುವ ಒಲೆಯನ್ನೂ ಜೊತೆಗೇ ತಂದಿದ್ದಾರೆ. ನಿನ್ನೆ ಅವ್ವ ಅವರನ್ನು ಊಟಕ್ಕೆ ಕರೆದಳು. ಹೋಳಿಗೆ ತಿನ್ನುವಾಗ ಅವರಲ್ಲಿ ಹಿರಿಯವನು ಹಿಂದಿಯಲ್ಲಿ ಏನೋ ಹೇಳಿದ. ಅವ್ವನ ಮುಖ ನೋಡಿ, ಏನಂದ ಎಂದು ನಾನು ಅವಳನ್ನು ಕೇಳಿದೆ. ಅವಳು ಈ ಸಲ ಕೂಗಲಿಲ್ಲ. ಒಳಗಿನಿಂದ ನನ್ನ ಪೆನ್ಸಿಲು ತಂದು ಹಾಲಿನ ಲೆಕ್ಕದ ಚೀಟಿಯ ಮೇಲೆ ಬರೆದು ತೋರಿಸಿದಳು: ಹೇಮಾನ ಕೆಲಸದಾಗಿಂದ ತೆಗ್ದಾರಂತ. ಮೇ ತಿಂಗಳದಾಗ.

ಬೇರೆ ವಿಭಾಗ ಎಂದು ನೀನು ಬರೆದಿದ್ದೆ. ನನ್ನದು ಎಂದಿನಂತೆ ನಡೆದಿದೆ ಎಂದು ನಾನೂ ಬರೆದಿದ್ದೆ. ನಿನ್ನನ್ನು ಬೈಯಲು ನನಗೆ ಬಾಯಿಲ್ಲ.

ಇಲ್ಲಿಯ ಸುದ್ದಿ ಇಷ್ಟು. ದುರಸ್ತಿ ಮುಗಿದ ಮೇಲೆ ಪ್ರತಿ ರೇಕು ಬಂದಾಗಲೂ ತೊಟ್ಟಿಲುಗಳ ಬೆಸುಗೆ ನೋಡಿಯೇ ತುಂಬಬೇಕು ಎಂದು ರೈಲ್ವೆಯವರು ನಿಯಮ ಮಾಡಿದ್ದಾರೆ. ಅದಕ್ಕೆ ನಮ್ಮ ಗ್ಯಾಂಗಿನ ನಾಲ್ವರನ್ನು ತೆಗೆದುಕೊಂಡಿದ್ದಾರೆ. ದುರ್ಗಕ್ಕ ಅವರ ಮುಂದಾಳು. ಹೆಬ್ಬೆಟ್ಟು ಹಾಕುತ್ತಿದ್ದವಳು ಈಗ ವ್ಯಾಗನ್ ನಂಬರು ಬರೆಯಲು ಕಲಿಯುತ್ತಿದ್ದಾಳೆ. ಪ್ರವೀಣ ಸಾಹೇಬರು ಕೇಳಿಕೊಂಡರೆಂದು ನಾನು ಮೂರು ದಿನ ಹೋಗಿ ಗೆರೆ ಹೇಗೆ ನೋಡಬೇಕು ಎಂದು ತೋರಿಸಿಕೊಟ್ಟೆ. ನನ್ನನ್ನೂ ಸೇರಿಸಬೇಕೆಂದು ಅವರಿಗೆ ಇತ್ತು, ಕಿವಿಯ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಮೂಕಣ್ಣನಿಗೆ ಏನೂ ಸಿಗಲಿಲ್ಲ. ಯಾರ ಹತ್ತಿರ ಕೇಳಬೇಕೋ ಎಲ್ಲರ ಹತ್ತಿರ ಕೇಳಿದ್ದೇನೆ. ಮತ್ತೆ ಕೇಳುತ್ತೇನೆ.

ನೀನು ಕೊರಗಿ ಅಲ್ಲೇ ಕೂರಬೇಡ. ದುರ್ಗಕ್ಕ ನಿನಗೆ ಒಂದು ಮಾತು ಬರೆಸಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: "ತಪ್ಪು ಮಾಡೋರು ಭಾಳ ಮಂದಿ ಅದಾರ ಹೇಮಾ. ತಂದು ತೋರ್ಸೋರು ಕಡಿಮಿ. ಊರಿಗೆ ಬಾ, ನನಗ ಇಂಗ್ಲಿಷ್ ಅಂಕಿ ಬರ್ಯಾದು ಕಲ್ಸು."

ಅಪ್ಪ


ರಾಯಪುರ
17 ಜುಲೈ 2025

ಅಪ್ಪಾ,

ತನಿಖೆಗೆ ಕರೆದಿದ್ದರಿಂದ ಇಷ್ಟು ದಿನ ಇಲ್ಲೇ ಇರಬೇಕಾಯಿತು. ನಿನ್ನೆ ಮುಗಿಯಿತು. ಇಪ್ಪತ್ತೈದಕ್ಕೆ ಹೊರಡುತ್ತೇನೆ, ಇಪ್ಪತ್ತೇಳು ಭಾನುವಾರ ಮನೆಯಲ್ಲಿರುತ್ತೇನೆ. ಮುಂದೆ ಏನು ಎಂದು ಇನ್ನೂ ಗೊತ್ತಿಲ್ಲ. ಒಂದು ವರ್ಷ ಯಾವ ಪಟ್ಟಿಗೂ ಸಹಿ ಮಾಡುವ ಹಾಗಿಲ್ಲ ಎಂದು ನನ್ನ ಪರವಾನಗಿ ತಡೆಹಿಡಿದಿದ್ದಾರೆ. ಮ್ಯಾನೇಜರ್ ಮೇಲೂ ಕ್ರಮ ಆಗಿದೆ. ನನಗೆ ಆದದ್ದು ಸರಿಯೇ, ಅದರ ಬಗ್ಗೆ ನಾನು ಯಾರ ಹತ್ತಿರವೂ ವಾದ ಮಾಡಲಿಲ್ಲ.

ನಿನ್ನೆ ನಡೆದದ್ದನ್ನು ಹೇಳಬೇಕು. ಊರಿಗೆ ಬಂದು ಹೇಳಿದರೆ ನಿನ್ನ ಕಿವಿಯಲ್ಲಿ ಕೂಗಬೇಕಾಗುತ್ತದೆ, ಓಣಿಗೆಲ್ಲ ಗೊತ್ತಾಗುತ್ತದೆ.

ತನಿಖೆಯ ಅಧಿಕಾರಿ ವಯಸ್ಸಾದವರು, ನಿಧಾನದವರು. ನಿಮ್ಮ ಅರ್ಜಿಯನ್ನು ಹಿಂದಿಗೆ ಮಾಡಿಸಿ ಇಟ್ಟುಕೊಂಡಿದ್ದರು. ಬಿರುಕಿನ ಅಳತೆ ಇಷ್ಟು ಸರಿಯಾಗಿ ತೆಗೆದವರು ಯಾರು ಎಂದು ಕೇಳಿದರು. ನಮ್ಮ ಯಂತ್ರದ ಅಳತೆಗೂ ನಿನ್ನ ದಾರದ ಅಳತೆಗೂ ಬರೀ ಎರಡು ಮಿಲಿಮೀಟರ್ ವ್ಯತ್ಯಾಸ ಬಂದಿತ್ತಂತೆ. ಗಾದಿಲಿಂಗಪ್ಪ, ಬೆಣೆ ಗ್ಯಾಂಗಿನ ಮುಖ್ಯಸ್ಥ, ಕುರೆಕುಪ್ಪ ಎಂದೆ. ಹಾಗೇ ಬರೆದುಕೊಂಡರು.

ಆಮೇಲೆ ನನ್ನ ಪರೀಕ್ಷೆಯ ಪಟ್ಟಿಗಳನ್ನು ತೆಗೆದರು. ಹನ್ನೆರಡರಲ್ಲೂ ಜಿ. ಹೇಮಾವತಿ ಎಂದಿತ್ತು. ಪೂರ್ತಿ ಹೆಸರು ಬೇಕು, ಜಿ ಅಂದರೆ ಏನು ಎಂದು ಕೇಳಿದರು. ಹೇಳಿದೆ. ಬರೆಯುತ್ತಿದ್ದವರು ನಿಲ್ಲಿಸಿ, ಅರ್ಜಿಯನ್ನು ಮತ್ತೆ ಎತ್ತಿಕೊಂಡು ಆ ಹೆಸರು ನೋಡಿದರು, ಪಟ್ಟಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ತಂದೆಯೇ ನಿಮ್ಮ ಮೇಲೆ ದೂರು ಕೊಟ್ಟರೇ?" ಎಂದರು.

"ನನ್ನ ಮೇಲಲ್ಲ ಸರ್, ವ್ಯಾಗನ್ ಮೇಲೆ ಕೊಟ್ಟರು" ಎಂದೆ.

ಹೇಮಾ